ಪುಟ್ಟ ಕಂದಮ್ಮನಿಗೆ ನೀರು ಹಾಕೋದು ಎಲ್ಲಿ?

ಹೆರಿಗೆ ಮುಗಿಸಿಕೊಂಡು ಪುಟ್ಟ ಕಂದಮ್ಮನನ್ನು ಎತ್ತಿಕೊಂಡು ಮನೆಗೆ ಬಂದಿದ್ದೀರಿ. ತೊಟ್ಟಿಲು ಎಲ್ಲಿಡಬೇಕು, ಯಾವ ಕಿಟಕಿ ಮುಚ್ಚಬೇಕು, ಬಾಣಂತಿಗೆ ಯಾವ ಸಾರು ಅನ್ನೋದೆಲ್ಲಾ ಆಗಲೇ ತೀರ್ಮಾನವಾಗಿದೆ. ಆದರೆ ಮಗುವಿಗೆ ನೀರು ಹಾಕುವ ಹೊತ್ತು ಬಂತೆಂದರೆ ಮನೆಯಲ್ಲೊಂದು ಪುಟ್ಟ ಮಹಾಭಾರತವೇ ಶುರು!

'ಬಚ್ಚಲಲ್ಲಿ ಮಣೆ ಹಾಕ್ಕೊಂಡು, ಕಾಲ ಮೇಲೆ ಮಲಗಿಸ್ಕೊಂಡು ನಾನೇ ಹಾಕ್ತೀನಿ. ನಿನ್ನ ಗಂಡನಿಗೂ ಹಾಗೇ ಹಾಕಿದ್ದು' ಅಂತಾರೆ ಅತ್ತೆ. 'ಟಬ್ ತಂದಿದ್ದೀನಲ್ಲ, ರೂಮಲ್ಲೇ ಇಡೋಣ' ಅಂತಾರೆ ಪತಿರಾಯರು. 'ನನ್ನ ಮಗಳು ಅಮೆರಿಕದಲ್ಲಿ ಅಡುಗೆಮನೆ ಸಿಂಕ್‌ನಲ್ಲೇ ಸ್ನಾನ ಮಾಡಿಸ್ತಾಳೆ ಕಣ್ರೀ' ಅಂತ ಎದುರುಮನೆಯವರು ತಮ್ಮದೂ ಒಂದು ಸೇರಿಸುತ್ತಾರೆ. ನಡುವೆ ನೀವು, ನಿಮ್ಮ ಕೈಯಲ್ಲಿ ಅಳುತ್ತಿರುವ ಕೂಸು.

ಯಾವ ಸೋಪು, ಯಾವ ಎಣ್ಣೆ ಎಂದು ತಲೆಕೆಡಿಸಿಕೊಳ್ಳುವಷ್ಟು ನಾವು ಜಾಗದ ಬಗ್ಗೆ ಯೋಚಿಸುವುದಿಲ್ಲ. ಆದರೆ ಮಗುವಿನ ಸ್ನಾನದಲ್ಲಿ ಆಗುವ ಅನಾಹುತಗಳು, ಅಂದರೆ ಕೈಜಾರುವುದು, ಬಿಸಿನೀರು ತಾಗುವುದು, ಚಳಿ ಹಿಡಿಯುವುದು, ಇವೆಲ್ಲಾ ಹೆಚ್ಚಾಗಿ ಜಾಗಕ್ಕೇ ಸಂಬಂಧಿಸಿದವು. ಆದ್ದರಿಂದ ಟಬ್ ಕೊಳ್ಳುವ ಮೊದಲು ಜಾಗ ಆರಿಸಿ.

ಹಳೇ ಬಚ್ಚಲು, ಹೊಸ ಬಾತ್‌ರೂಮು

'ನಮ್ಮ ಕಾಲದಲ್ಲಿ ಬಚ್ಚಲಲ್ಲೇ ತಾನೇ ಹಾಕ್ತಿದ್ದಿದ್ದು?' ಎಂದು ಹಿರಿಯರು ಕೇಳುವುದರಲ್ಲಿ ತಪ್ಪೇನಿಲ್ಲ. ಆ ಬಚ್ಚಲುಮನೆಯನ್ನೊಮ್ಮೆ ನೆನಪಿಸಿಕೊಳ್ಳಿ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ. ಒಲೆಯ ಕಾವಿಗೆ ಇಡೀ ಕೋಣೆ ಬೆಚ್ಚಗೆ. ಕಾಲು ನೀಡಿ ಕೂರಲು ಧಾರಾಳ ಜಾಗ. ಬಿಸಿನೀರನ್ನು ಬೇರೆ ಪಾತ್ರೆಗೆ ತೋಡಿ, ತಣ್ಣೀರು ಬೆರೆಸಿ, ಹದ ನೋಡಿಯೇ ಮಗುವಿನ ಮೇಲೆ ಹಾಕುತ್ತಿದ್ದರು. ನೀರು ತೋಡಿ ಕೊಡಲು ಒಬ್ಬರು, ಹಾಕಲು ಒಬ್ಬರು, ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲಲು ಇನ್ನೊಬ್ಬರು. ಹೊಗೆಯೊಂದನ್ನು ಬಿಟ್ಟರೆ ಮಗುವಿನ ಸ್ನಾನಕ್ಕೆ ಅದಕ್ಕಿಂತ ಒಳ್ಳೇ ಜಾಗ ಬೇರೆ ಇರಲಿಲ್ಲ.

ಈಗ ನಿಮ್ಮ ಫ್ಲ್ಯಾಟಿನ ಬಾತ್‌ರೂಮ್ ನೋಡಿ. ಐದಡಿಗೆ ಏಳಡಿ ಇದ್ದರೆ ಹೆಚ್ಚು. ಅದರಲ್ಲೇ ಕಮೋಡು, ಅದರಲ್ಲೇ ವಾಷ್‌ಬೇಸಿನ್. ಮೇಲೆ ಗೀಸರ್, ವೆಂಟಿಲೇಟರಿನಿಂದ ಬರುವ ತಣ್ಣನೆ ಗಾಳಿ, ಕಾಲಿಟ್ಟರೆ ಜಾರುವ ಟೈಲ್ಸು. ಸಹಾಯಕ್ಕೆ ನಿಲ್ಲುವವರಿಗೆ ಜಾಗವೇ ಇಲ್ಲ. ಹೆಸರು ಬಚ್ಚಲೇ ಆದರೂ ಜಾಗ ಮಾತ್ರ ಬೇರೆ! ಅಜ್ಜಿಯ ಕೈಗುಣ ಹಾಗೇ ಇದೆ, ಬದಲಾಗಿರುವುದು ಬಚ್ಚಲು. ಆ ಹಳೇ ಬಚ್ಚಲಿನ ಒಳ್ಳೇ ಗುಣಗಳು ನಿಮ್ಮ ಮನೆಯ ಯಾವ ಮೂಲೆಯಲ್ಲಿ ಸಿಗುತ್ತವೆ ಎಂದು ಹುಡುಕಿದರಾಯಿತು.

ಆತುರ ಬೇಡ

ಹುಟ್ಟಿದ ತಕ್ಷಣ ಮಗುವಿಗೆ ಸ್ನಾನ ಮಾಡಿಸಬೇಕಿಲ್ಲ. ಕನಿಷ್ಠ 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಬಾಣಂತಿ ಮತ್ತು ಶಿಶು ಆರೈಕೆಯ ಶಿಫಾರಸುಗಳಲ್ಲಿ ಹೇಳಿದೆ. ಹಸುಗೂಸಿನ ಮೈ ಬಹಳ ಬೇಗ ತಣ್ಣಗಾಗುತ್ತದೆ, ಅದಕ್ಕೇ ಈ ಎಚ್ಚರಿಕೆ. ಹೊಕ್ಕುಳ ಬಳ್ಳಿ ಒಣಗಿ ಬೀಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಹೊಕ್ಕುಳ ಒಣಗಿರಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಗುವಾದರೆ ವೈದ್ಯರು 'ಸರಿ' ಅನ್ನುವವರೆಗೆ ನೀರು ಹಾಕಲೇಬೇಡಿ.

ಈ ಒಂದೆರಡು ವಾರವೇ ನಿಮಗೆ ಜಾಗ ಆರಿಸಲು ಸಿಕ್ಕ ಸಮಯ ಅಂದುಕೊಳ್ಳಿ.

ಜಾಗಕ್ಕೆ ಐದು ಪ್ರಶ್ನೆ

ಮನೆಯಲ್ಲಿ ಯಾವ ಜಾಗ ಮನಸ್ಸಿಗೆ ಬಂದರೂ ಈ ಐದು ಪ್ರಶ್ನೆ ಹಾಕಿ ನೋಡಿ.

* ಬೆಚ್ಚಗಿದೆಯೇ? ಕೋಣೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬಾರದು. ಫ್ಯಾನು, ಎ.ಸಿ. ಬಂದ್ ಮಾಡಿ, ಗಾಳಿ ಬೀಸುವ ಕಿಟಕಿ ಮುಚ್ಚಲು ಆಗಬೇಕು. ಒದ್ದೆ ಮೈಗೆ ಗಾಳಿ ತಾಗಿದರೆ ಮಗು ಕ್ಷಣದಲ್ಲಿ ನಡುಗುತ್ತದೆ.

* ನೆಲಮಟ್ಟದಲ್ಲಿ ಮಾಡಿಸಲು ಆಗುತ್ತದೆಯೇ? ನೆಲದಲ್ಲಿರುವ ಮಗು ಕೈಜಾರಿದರೂ ಬೀಳಲು ಎತ್ತರವಿರುವುದಿಲ್ಲ. ಟೇಬಲ್, ಮಂಚ, ಕಟ್ಟೆ ಯಾವುದೂ ನೆಲಕ್ಕೆ ಸಮವಲ್ಲ.

* ನೆಲ ಜಾರುತ್ತದೆಯೇ? ಒದ್ದೆ ಕೂಸನ್ನು ಎತ್ತಿಕೊಂಡು ಒದ್ದೆ ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಇಡುವುದೇ ಇಡೀ ಸ್ನಾನದಲ್ಲಿ ಅತಿ ಅಪಾಯದ ಕ್ಷಣ.

* ನೀರು ಬರುವುದು ಎಲ್ಲಿಂದ? ಬಿಸಿನೀರಿನ ನಲ್ಲಿ ಮಗುವಿನ ಮೇಲೆ ಇರಬಾರದು. ಕೊಂಚ ದೂರವಿದ್ದು, ಬೆರೆಸಿದ ನೀರನ್ನು ತಂದುಕೊಳ್ಳುವಂತಿದ್ದರೆ ಒಳ್ಳೆಯದು.

* ಕೂತಲ್ಲಿಂದ ಏಳದೆ ಎಲ್ಲಾ ಸಿಗುತ್ತದೆಯೇ? ಟವೆಲ್, ಬಟ್ಟೆ, ಸೋಪು ಎಲ್ಲವೂ ಒಂದೇ ಕೈಗೆ ಸಿಗಬೇಕು. ಯಾಕೆಂದರೆ ಇನ್ನೊಂದು ಕೈ ಸದಾ ಮಗುವಿನ ಮೇಲಿರಬೇಕು.

ಐದರಲ್ಲಿ ಕೊನೆಯದೇ ಮುಖ್ಯ. ಒಂದು ಕೈ ಕ್ಷಣವೂ ಮಗುವನ್ನು ಬಿಡಬೇಕಾಗಿ ಬಾರದ ಜಾಗವೇ ಸರಿಯಾದ ಜಾಗ. ನೋಡಲು ಚೆಂದವಿದೆಯೋ ಇಲ್ಲವೋ, ಅದು ಆಮೇಲಿನ ಮಾತು.

ಯಾವ ಜಾಗ ಹೇಗೆ?

ಮಲಗುವ ಕೋಣೆಯ ನೆಲ: ಮೊದಲ ಮೂರು ನಾಲ್ಕು ತಿಂಗಳಿಗೆ ಇದೇ ಬಹಳ ಮನೆಗಳಿಗೆ ಒಗ್ಗುವ ಜಾಗ. ಬಾಗಿಲು ಹಾಕಿದರೆ ಬೆಚ್ಚಗಿರುತ್ತದೆ. ಕಾಲು ನೀಡಿ ಕೂರಬಹುದು. ಸ್ನಾನ ಮುಗಿದ ಕೂಡಲೇ ಅಲ್ಲೇ ಒರೆಸಿ, ಬಟ್ಟೆ ತೊಡಿಸಿ, ಹಾಲು ಕುಡಿಸಿ ಮಲಗಿಸಬಹುದು. ಒದ್ದೆ ಮಗುವನ್ನು ಹೊತ್ತು ನಡೆಯುವ ಪ್ರಮೇಯವೇ ಇಲ್ಲ. ಕೆಳಗೆ ಒಂದು ದಪ್ಪ ರಬ್ಬರ್ ಶೀಟು, ಅದರ ಮೇಲೆ ಹಳೇ ಹತ್ತಿ ಬೆಡ್‌ಶೀಟು ಹಾಸಿ, ನಡುವೆ ಟಬ್ ಇಡಿ. 'ರೂಮೆಲ್ಲಾ ನೀರಾಗುತ್ತಲ್ಲ' ಅನ್ನಬೇಡಿ. ಟಬ್‌ನಲ್ಲಿ ಎರಡು ಅಂಗುಲ ನೀರು ಸಾಕು, ಚೆಲ್ಲಿದರೂ ಒರೆಸುವುದು ಎಷ್ಟು ಹೊತ್ತು? ತುಂಬಿದ ಟಬ್ ಮಾತ್ರ ಹೊತ್ತು ತರಬೇಡಿ. ಖಾಲಿ ಟಬ್ ಇಟ್ಟು, ಹದ ಮಾಡಿದ ನೀರನ್ನು ಬಕೆಟ್‌ನಲ್ಲಿ ತಂದು ಸುರಿಯಿರಿ.

ಬಾತ್‌ರೂಮಿನ ನೆಲ: ವಿಶಾಲವಾಗಿದ್ದು, ಸ್ನಾನದ ಭಾಗ ಕಮೋಡಿನಿಂದ ದೂರವಿದ್ದರೆ ಆಗಬಹುದು. ಮೊದಲು ನೆಲ ಉಜ್ಜಿ, ತೊಳೆದು, ಒಣಗಲು ಬಿಡಿ. ಫಿನಾಯಿಲ್ ಅಥವಾ ಆ್ಯಸಿಡ್ ಹಾಕಿ ತೊಳೆದಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಒಳಗೆ ಒಯ್ಯಬೇಡಿ. ಜಾರದ ಮ್ಯಾಟ್ ಹಾಸಿ. ನೀರು ಹಾಕುವ ಹತ್ತು ನಿಮಿಷ ಮುಂಚೆ ಒಂದು ಬಕೆಟ್ ಬಿಸಿನೀರು ತುಂಬಿಟ್ಟು ಬಾಗಿಲು ಮುಚ್ಚಿದರೆ ಒಳಗೆ ಕೊಂಚ ಬೆಚ್ಚಗಾಗುತ್ತದೆ. ಆ ಬಕೆಟ್ ಮಗುವಿನಿಂದ ದೂರವಿರಲಿ.

ಅಡುಗೆಮನೆ ಸಿಂಕು: ಸಿನಿಮಾದಲ್ಲಿ ನೋಡಲು ಚೆನ್ನ. ನಮ್ಮ ಸ್ಟೀಲ್ ಸಿಂಕಿನ ಅಂಚು ಚೂಪು, ಪಕ್ಕದಲ್ಲೇ ಗ್ಯಾಸ್ ಒಲೆ, ಚಾಕು, ಗ್ರಾನೈಟ್ ಕಟ್ಟೆ. ಜಿಡ್ಡು ಪಾತ್ರೆ, ಹಸಿ ಮಾಂಸ ತೊಳೆಯುವ ಜಾಗವೂ ಅದೇ. ಬೇಡ ಬಿಡಿ.

ವಾಷ್‌ಬೇಸಿನ್: ಇದಂತೂ ಬೇಡವೇ ಬೇಡ. ಗೋಡೆಗೆ ಕಚ್ಚಿಸಿದ ಪಿಂಗಾಣಿ ಬೇಸಿನ್ನು ಭಾರ ಹೊರಲು ಮಾಡಿದ್ದಲ್ಲ. ನಲ್ಲಿಯ ಮೂತಿ ಬೇರೆ ನೇರ ಮಗುವಿನ ತಲೆಯ ಹತ್ತಿರ.

ಬಾಲ್ಕನಿ, ಟೆರೇಸು, ಯುಟಿಲಿಟಿ: ಎಳೇ ಬಿಸಿಲು ಬರುತ್ತದೆ ಎಂದು ಆಸೆಯಾಗುವುದು ಸಹಜ. ಆದರೆ ಗಾಳಿಯನ್ನು ತಡೆಯುವವರು ಯಾರು? ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ವೈರು, ಸೋಪಿನ ಪುಡಿ, ಬ್ಲೀಚು ಎಲ್ಲಾ ಇರುತ್ತವೆ. ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಚಳಿಯ ಭಯವಿಲ್ಲ ನಿಜ, ಆದರೂ ಒಳಗೇ ಸುರಕ್ಷಿತ. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್-ಜನವರಿಯಾದರೆ ಮುಂಜಾನೆ ಬಿಟ್ಟು ಬಿಸಿಲೇರಿದ ಮೇಲೆ, ಹನ್ನೊಂದರ ಹೊತ್ತಿಗೆ ಸ್ನಾನ ಇಟ್ಟುಕೊಳ್ಳಿ.

ಬಿಸಿನೀರು ಎಲ್ಲಿಂದ ಬರುತ್ತೆ?

ಗೀಸರ್ ನೀರು 60 ಡಿಗ್ರಿ ಮುಟ್ಟಿದ್ದರೆ ದೊಡ್ಡವರ ಚರ್ಮವೇ ಕೆಲವು ಸೆಕೆಂಡುಗಳಲ್ಲಿ ಸುಡುತ್ತದೆ. ಇನ್ನು ಹೂವಿನಂಥ ಮೈಯ ಗತಿ? ಮಗುವಿಗೆ ಬೇಕಾಗಿರುವುದು 37-38 ಡಿಗ್ರಿ, ಅಂದರೆ ನಮ್ಮ ಮೈಯ ಬಿಸಿಯಷ್ಟೇ. ಆದ್ದರಿಂದ ಮಗುವನ್ನು ಹಿಡಿದುಕೊಂಡು ನಲ್ಲಿ ತಿರುಗಿಸುವ ಅಭ್ಯಾಸ ಬೇಡ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ, ಕೈಯಿಂದ ಚೆನ್ನಾಗಿ ಕಲಸಿ. ಅಂಗೈಯನ್ನು ನಂಬಬೇಡಿ. ಪಾತ್ರೆ ಹಿಡಿದು ಹಿಡಿದು ಅದು ಬಿಸಿಗೆ ಒಗ್ಗಿಹೋಗಿರುತ್ತದೆ. ಮೊಣಕೈ ಅದ್ದಿ ನೋಡಿ. ಅಲ್ಲಿಗೆ ಹಿತವೆನಿಸಿದರೆ ಸರಿ.

ಸೋಲಾರ್ ಇರುವ ಮನೆಯವರು ಇನ್ನೂ ಹುಷಾರು. ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ, 'ಇನ್ನೂ ಬಿಸಿ ಬಂದಿಲ್ಲ' ಅನ್ನುವಷ್ಟರಲ್ಲಿ ದಿಢೀರನೆ ಸುಡುನೀರು ಸುರಿಯುತ್ತದೆ. ಕಾಯಿಲ್ ಹಾಕಿ ನೀರು ಕಾಯಿಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಯಿಲ್ ಹೊರಗಿಟ್ಟ ಮೇಲೆಯೇ ನೀರು ಮುಟ್ಟಬೇಕು.

ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದೆಯೇ? ಹಾಗಿದ್ದರೆ ಆ ಬಾತ್‌ರೂಮಿನಲ್ಲಿ ಮಗುವಿಗೆ ನೀರು ಹಾಕಬೇಡಿ. ಗಾಳಿಯಾಡದ ಕಡೆ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬಂದಿತೆಂದು ತಿಳಿಯುವಷ್ಟರಲ್ಲಿ ಕುಸಿದು ಬೀಳುವವರಿದ್ದಾರೆ. ಚಳಿ ಬರಬಾರದೆಂದು ಬಾಗಿಲು, ಕಿಟಕಿ ಎಲ್ಲಾ ಬಿಗಿಯಾಗಿ ಮುಚ್ಚಿದಾಗಲೇ ಅಪಾಯ ಹೆಚ್ಚು. ಗೀಸರನ್ನು ಹೊರಗೆ, ಗಾಳಿಯಾಡುವ ಕಡೆ ಹಾಕಿಸುವುದೇ ಪರಿಹಾರ. ಕೋಣೆ ಬೆಚ್ಚಗಾಗಲೆಂದು ಮುಚ್ಚಿದ ರೂಮಿನಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಇಷ್ಟೇ ಅಪಾಯ. ಬಾಣಂತಿ ಮಂಚದ ಕೆಳಗೆ ಕೆಂಡ ಇಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಇವತ್ತೇ ಬಿಡಿ.

ಸಿಸೇರಿಯನ್ ಆಗಿದ್ದರೆ

ಹೊಲಿಗೆ ಹಾಕಿಸಿಕೊಂಡ ಹೊಟ್ಟೆ ಹೊತ್ತು ಮಣೆಯ ಮೇಲೆ ಕೂತು ಏಳುವುದು, ಬಕೆಟ್ ಎತ್ತುವುದು ಬೇಡ. ಮೊದಲ ಆರು ವಾರ ಮಗುವಿಗಿಂತ ಭಾರವಾದ ಯಾವುದನ್ನೂ ಎತ್ತಬೇಡಿ. ಹಾಗಂತ 'ನನಗೆ ನೆಲದಲ್ಲಿ ಕೂರೋಕಾಗಲ್ಲ' ಎಂದು ಟಬ್ಬನ್ನು ಡೈನಿಂಗ್ ಟೇಬಲ್ ಮೇಲೇರಿಸಬೇಡಿ. ನೀವು ಕುರ್ಚಿಯಲ್ಲಿ ಕೂತು ನೋಡಿ, ನೀರು ಹಾಕುವ ಕೆಲಸ ಅಮ್ಮನಿಗೋ ಅತ್ತೆಗೋ ಇರಲಿ. ಪತಿರಾಯರಿಗೂ ಕಲಿಸಿ. ಎರಡು ದಿನ ಕೈ ನಡುಗೀತು, ಮೂರನೇ ದಿನ ಅವರೇ 'ನಾನೇ ಹಾಕ್ತೀನಿ' ಎಂದು ಮುಂದೆ ಬರುತ್ತಾರೆ. ಸಹಾಯಕ್ಕೆ ಯಾರೂ ಇಲ್ಲದ ದಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ದಿನಾ ತಲೆಗೆ ನೀರು ಬೀಳದಿದ್ದರೆ ಮಗುವಿಗೇನೂ ಆಗುವುದಿಲ್ಲ. ಎಳೇ ಕೂಸಿಗೆ ವಾರಕ್ಕೆ ಎರಡು ಮೂರು ಸ್ನಾನವೂ ಸಾಲುತ್ತದೆ, ಡಯಾಪರ್ ಜಾಗ ಮತ್ತು ಕತ್ತಿನ ಮಡಿಕೆಗಳನ್ನು ದಿನಾ ಶುಚಿ ಮಾಡಿದರಾಯಿತು.

ಕುಳಿತುಕೊಳ್ಳುವ ಮೊದಲು

ಜಾಗ ಸಿಕ್ಕಿತು. ಈಗ ಸಾಮಾನು ಜೋಡಿಸಿಕೊಳ್ಳಿ. ಬಲಗೈ ಕಡೆ ಹದ ಮಾಡಿದ ನೀರಿನ ಬಕೆಟ್ಟು, ಚೊಂಬು, ಸೋಪು ಅಥವಾ ಹೆಸರುಹಿಟ್ಟು. ಎಡಗಡೆ ಹರಡಿಟ್ಟ ಎರಡು ಟವೆಲ್, ತೊಡಿಸುವ ಕ್ರಮದಲ್ಲೇ ಇಟ್ಟ ಬಟ್ಟೆ, ಟೋಪಿ. ಗ್ಯಾಸ್ ಮೇಲೆ ಹಾಲಿಟ್ಟಿದ್ದೀರಾ? ಆರಿಸಿ. ಕುಕ್ಕರ್ ಕೂಗುವುದಿದೆಯೇ? ಕೂಗಿ ಮುಗಿಯಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಕಾಲಿಂಗ್ ಬೆಲ್ ಆದರೆ ಆಗಲಿ, ಕೊರಿಯರ್‌ನವನು ಕಾಯುತ್ತಾನೆ. ಎದ್ದು ಹೋಗಲೇಬೇಕಾದರೆ ಮಗುವನ್ನು ಟವೆಲ್‌ನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಎರಡು ಅಂಗುಲ ನೀರಿನಲ್ಲೂ ಮಗು ಸದ್ದಿಲ್ಲದೆ ಮುಳುಗಬಲ್ಲದು. ಅಳುತ್ತದೆ, ಆಗ ಓಡಿಬರುತ್ತೇನೆ ಅಂದುಕೊಳ್ಳಬೇಡಿ.

ಎಣ್ಣೆ ಹಚ್ಚಿದ ಮಗು, ಸೋಪು ಹಚ್ಚಿದ ಕೈ, ಎರಡೂ ಸೇರಿದರೆ ಮೀನು ಹಿಡಿದಂತೆ. ಟಬ್‌ನಲ್ಲಾದರೆ ಎಡ ಮುಂಗೈ ಮೇಲೆ ಮಗುವಿನ ಕತ್ತು ಒರಗಿಸಿ, ಅದೇ ಕೈಯಿಂದ ಆಚೆ ಕಡೆಯ ಕಂಕುಳಲ್ಲಿ ಭದ್ರವಾಗಿ ಹಿಡಿಯಿರಿ. ಟಬ್‌ನ ತಳದಲ್ಲಿ ಒಂದು ಮೆತ್ತನೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಕಾಲ ಮೇಲೆ ಮಲಗಿಸಿ ಹಾಕುವವರು ಕಾಲಿನ ಮೇಲೊಂದು ಹತ್ತಿ ಟವೆಲ್ ಹಾಕಿಕೊಳ್ಳಲಿ. ಬೋರಲು ಮಲಗಿಸಿದಾಗ ಮುಖ ಪಕ್ಕಕ್ಕಿರಲಿ, ಮೂಗು ಬಾಯಿಗೆ ನೀರು ಹರಿಯದಿರಲಿ. ಎತ್ತರದಿಂದ ರಪರಪನೆ ಸುರಿಯುವುದು ಬೇಡ.

ಐದರಿಂದ ಹತ್ತು ನಿಮಿಷದಲ್ಲಿ ಮುಗಿಸಿ. ತಲೆ ಮೊದಲು ಒರೆಸಿ, ಕೂಡಲೇ ಸುತ್ತಿಬಿಡಿ. ತಲೆ ಒಣಗಲೆಂದು ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಹೊಗೆ ಎಳೇ ಶ್ವಾಸಕೋಶಕ್ಕೆ ಹಿತವಲ್ಲ. ಒಣ ಟವೆಲ್ಲೇ ಸಾಕು.

ಅತ್ತೆಗೆ ಹೇಳೋದು ಹೇಗೆ?

ನಿಜವಾದ ಕಷ್ಟ ಇದೇ ಅಲ್ಲವೇ? 'ಪುಸ್ತಕ ಓದಿ ನನಗೇ ಹೇಳಿಕೊಡ್ತೀಯಾ' ಅನ್ನುವ ಮಾತು ಬಂದರೆ ದಿನವಿಡೀ ಮುಖ ಗಂಟು. ಒಂದು ಉಪಾಯವಿದೆ. ಅವರು ಹಾಕುವ ರೀತಿಯನ್ನು ಪ್ರಶ್ನಿಸಬೇಡಿ, ಜಾಗದ ಬಗ್ಗೆ ಮಾತ್ರ ಮಾತಾಡಿ. 'ಅತ್ತೆ, ನೀವೇ ನೀರು ಹಾಕಿ, ನನಗೆ ಭಯ. ಆದ್ರೆ ಈ ಬಾತ್‌ರೂಮ್ ನಿಮ್ಮ ಊರಿನ ಬಚ್ಚಲ ಹಾಗಿಲ್ಲ, ನೆಲ ಜಾರತ್ತೆ, ನಿಮ್ಮ ಮಂಡಿ ಬೇರೆ ನೋವು. ರೂಮಲ್ಲೇ ಬೆಚ್ಚಗೆ ಜಾಗ ಮಾಡಿಕೊಡ್ತೀನಿ, ನೀರು ನಾವು ತಂದುಕೊಡ್ತೀವಿ' ಎಂದು ಹೇಳಿ ನೋಡಿ. ಅವರ ಅನುಭವಕ್ಕೂ ಮರ್ಯಾದೆ, ಮಗುವಿಗೂ ಕ್ಷೇಮ. ಮಗುವಿನ ಕೈಕಾಲು ಹಿಡಿಯುವುದರಲ್ಲಿ, ಅಳುವ ಕೂಸನ್ನು ಮಾತಾಡಿಸುತ್ತಲೇ ನೀರು ಹಾಕುವುದರಲ್ಲಿ ಅವರಿಗಿರುವ ಕೌಶಲ ನಮಗೆ ನಿಮಗೆ ಬರಲು ವರ್ಷ ಬೇಕು.

ನೀರು ಹಾಕಲು ಹೊರಗಿನಿಂದ ಹೆಂಗಸು ಬರುವ ಮನೆಗಳಲ್ಲೂ ಅಷ್ಟೇ. ಜಾಗ, ನೀರಿನ ಹದ ನಿಮ್ಮದು, ಕೆಲಸ ಅವರದು. ಮೊಣಕೈ ಅದ್ದಿ ನೋಡುವುದನ್ನು ಮಾತ್ರ ಯಾರಿಗೂ ವಹಿಸಬೇಡಿ.

ಮಗು ಬೆಳೆದಂತೆ

ಆರು ತಿಂಗಳ ಹೊತ್ತಿಗೆ ಮಗು ಕೂರಲು ಕಲಿಯುತ್ತದೆ, ನೀರು ಬಡಿದು ಆಡುತ್ತದೆ. ಆಗ ರೂಮು ಸಾಲದು, ಬಾತ್‌ರೂಮಿಗೆ ಬದಲಾಯಿಸಬಹುದು. ಟಬ್‌ನೊಳಗಿನ ಪ್ಲಾಸ್ಟಿಕ್ ಸೀಟು ಮಗುವನ್ನು ಕಾಯುತ್ತದೆ ಎಂದು ನಂಬಬೇಡಿ, ಅದು ಮಗುಚಿಕೊಳ್ಳಬಹುದು. ಅಂಬೆಗಾಲಿಡುವ ವಯಸ್ಸಿಗೆ ಬಾತ್‌ರೂಮೇ ಮನೆಯ ಅತಿ ಅಪಾಯದ ಕೋಣೆ. ನೀರು ಎರಡು ದಿನಕ್ಕೊಮ್ಮೆ ಬರುವ ನಮ್ಮ ಊರುಗಳಲ್ಲಿ ಬಕೆಟ್, ಡ್ರಮ್ ತುಂಬಿಡದೆ ಗತಿಯಿಲ್ಲ. ತುಂಬಿದ್ದಕ್ಕೆ ಮುಚ್ಚಳ ಹಾಕಿ, ಖಾಲಿಯಾದದ್ದನ್ನು ಬೋರಲು ಹಾಕಿ, ಬಾಗಿಲಿಗೆ ಹೊರಗಿನಿಂದ ಮೇಲಿನ ಚಿಲಕ ಹಾಕಿ.

ನೆನಪಿರಲಿ

* ಮೊದಲು ಜಾಗ, ಆಮೇಲೆ ಟಬ್.
* ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಪರೀಕ್ಷೆಗೆ ಮೊಣಕೈ.
* ಮಗು ನೀರಲ್ಲಿರುವಾಗ ಟಬ್‌ಗೆ ಬಿಸಿನೀರು ಸೇರಿಸಬೇಡಿ.
* ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ.
* ಜ್ವರ, ಹಾಲು ಕುಡಿಯದಿರುವುದು, ಹೊಕ್ಕುಳ ಕೆಂಪಾಗಿ ಕೀವು ಬರುವುದು ಕಂಡರೆ ಸ್ನಾನ ಬಿಟ್ಟು ವೈದ್ಯರ ಬಳಿ ಹೋಗಿ.
* ಬಿಸಿನೀರು ತಾಗಿದರೆ ಸುಟ್ಟ ಜಾಗಕ್ಕೆ ಮಾತ್ರ 20 ನಿಮಿಷ ನಲ್ಲಿಯ ನೀರು ಬಿಡಿ, ಉಳಿದ ಮೈ ಬೆಚ್ಚಗಿರಲಿ. ಐಸ್, ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ, ಆಂಬುಲೆನ್ಸ್‌ಗೆ 108.

ನಾಳೆ ಬೆಳಗ್ಗೆ ಕೆಲಸ ಮುಗಿದ ಮೇಲೆ ಒಮ್ಮೆ ಮನೆಯೆಲ್ಲಾ ಸುತ್ತಿ ಬನ್ನಿ. ಯಾವ ಮೂಲೆ ಬೆಚ್ಚಗಿದೆ, ಎಲ್ಲಿ ಕೂತರೆ ನಿಮ್ಮ ಬೆನ್ನಿಗೆ ಗೋಡೆ ಸಿಗುತ್ತದೆ, ಎಲ್ಲಿ ಕೈಚಾಚಿದರೆ ಟವೆಲ್ ಸಿಗುತ್ತದೆ ನೋಡಿ. ಮಗು ಇಲ್ಲದೆಯೇ ಒಂದು ದಿನ ಟಬ್ ಇಟ್ಟು, ನೀರು ತಂದು, ಕೂತು ಅಭ್ಯಾಸ ಮಾಡಿ. ಯಾವುದಕ್ಕಾದರೂ ಎದ್ದು ಹೋಗಬೇಕಾಯಿತೇ? ಹಾಗಾದರೆ ಅದನ್ನೂ ತಂದು ಹತ್ತಿರ ಇಟ್ಟುಕೊಳ್ಳಿ. ಏಳುವ ಅಗತ್ಯವೇ ಬೀಳದ ದಿನ, ಮಗುವನ್ನು ಎತ್ತಿಕೊಂಡು ಬನ್ನಿ. ಬೆಚ್ಚಗೆ ಮಿಂದು, ಹೊಟ್ಟೆ ತುಂಬ ಹಾಲು ಕುಡಿದು ಕಂದಮ್ಮ ಎರಡು ಗಂಟೆ ಸೊಂಪಾಗಿ ನಿದ್ದೆ ಹೊಡೆದರೆ, ನಿಮಗೂ ಕೊಂಚ ಕಾಲು ಚಾಚುವ ಪುಣ್ಯ!